ಅದು ಎನಿಸಿಕೊಂಡ ನಗಾರಿ

ಯಾರಾದರೂ ಹೊಗೆಸೊಪ್ಪು ಮುಂದೆ ಹಿಡಿದರೆ ಮೊದಲು ‘ಯಾತಕ್ಕೆ’ ಎಂದು ಕೇಳಬೇಕು, ಆಮೇಲೆ ಕೈ ಚಾಚಬೇಕು. ನಮ್ಮ ಮೂಲನಿವಾಸಿಗಳ ಊರಾದ ಕ್ರೇನ್ ನ್ಯಾರೋಸ್‌ನ ಮಕ್ಕಳಿಗೆಲ್ಲ ನಲವತ್ತು ವರ್ಷದಿಂದ ಇದನ್ನೇ ಹೇಳಿ ಹೇಳಿ ತಲೆ ತಿಂದವನು ಆಂಬ್ರೋಸ್ ನೋಡಿನ್. ಹೊಗೆಸೊಪ್ಪು ಕೈಗೆ ಬಂತೆಂದರೆ ಕೇಳಿದ್ದಕ್ಕೆ ಒಪ್ಪಿದ ಹಾಗೆ. ಆಮೇಲೆ ಸೊಂಟ ನೋವು, ಟ್ರಕ್ಕು ಕೆಟ್ಟಿದೆ, ಮೊಮ್ಮಗಳ ಹುಟ್ಟುಹಬ್ಬ ಎಂದು ರಾಗ ಎಳೆಯುವಂತಿಲ್ಲ. ಹೀಗೆ ಬುದ್ಧಿ ಹೇಳುತ್ತಿದ್ದ ಮನುಷ್ಯ ತನ್ನ ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಹಾಡಹಗಲಿನಲ್ಲಿ, ತನ್ನ ಮನೆಯ ಅಂಗಳದಲ್ಲೇ ನಿಂತು ಏನೂ ಕೇಳದೆ ಕೈ ಚಾಚಿದ.

ಇದರಲ್ಲಿ ಡಾಕ್ಟರದೂ ಸ್ವಲ್ಪ ಪಾಲಿತ್ತು. ಅವನ ಎದೆಯ ಎಕ್ಸ್‌ರೇ ನೋಡಿ ಇನ್ನು ಸಿಗರೇಟು ಮುಟ್ಟಕೂಡದು ಎಂದಿದ್ದರು. ಮಗಳು ಮಿನಿಯಾಪೊಲಿಸ್‌ಗೆ ವಾಪಸು ಹೋಗುವ ಮೊದಲು ಮನೆಯ ಮೂಲೆ ಮೂಲೆ ಜಾಲಾಡಿ, ಕಾಫಿ ಡಬ್ಬಿಯ ತಳದಲ್ಲಿ, ಹಳೆಯ ಬೂಟಿನೊಳಗೆ, ಬೈಬಲಿನ ಹಿಂದೆ ಬಚ್ಚಿಟ್ಟದ್ದನ್ನೆಲ್ಲ ಹೊತ್ತುಕೊಂಡು ಹೋಗಿದ್ದಳು. ಉಳಿದದ್ದು ಅಜ್ಜನಿಗೆಂದು ಎತ್ತಿಟ್ಟ ಸೊಪ್ಪು ಮಾತ್ರ. ಅದಕ್ಕೆ ಕೈ ಹಾಕುವಷ್ಟು ಆಂಬ್ರೋಸ್ ಇನ್ನೂ ಕೆಟ್ಟಿರಲಿಲ್ಲ. ಆದರೆ ಹನ್ನೊಂದು ದಿನಗಳಲ್ಲಿ ಆ ಕಡೆ ಎಷ್ಟು ಸಲ ನೋಡಿದ್ದ ಎನ್ನುವುದು ಅವನಿಗೇ ಗೊತ್ತು.

ಅಜ್ಜ ಎಂದರೆ ಅವನ ಅಪ್ಪನ ಅಪ್ಪನಲ್ಲ, ನಗಾರಿ. ಆಂಬ್ರೋಸನ ಮುತ್ತಜ್ಜನ ಕಾಲದಲ್ಲಿ ನೆರೆಯ ಡಕೋಟಾ ಬುಡಕಟ್ಟಿನವರು ಹಳೆಯ ಹಗೆ ಮರೆತು ಇವರನ್ನು ನಮ್ಮವರ ಕೈಗೆ ಒಪ್ಪಿಸಿದ್ದರು. ಅಂದಿನಿಂದ ಆ ಮನೆಯ ನಡುಕೋಣೆಯಲ್ಲಿ, ಒಲೆಯ ಹತ್ತಿರ, ತಮ್ಮದೇ ಮಂಚದ ಮೇಲೆ, ತಮ್ಮದೇ ಕಂಬಳಿ ಹೊದ್ದು ಇದ್ದಾರೆ. ವಸಂತಕ್ಕೊಮ್ಮೆ, ಎಲೆ ಉದುರುವಾಗೊಮ್ಮೆ ಕುಣಿತದ ಮನೆಗೆ ಬರುತ್ತಾರೆ, ನಾಲ್ಕು ದಿನ ಇರುತ್ತಾರೆ, ಸಾವಾದ ಮನೆಯವರ ಕಣ್ಣೀರು ಒರೆಸಿ ಕಳಿಸುತ್ತಾರೆ. ಹೆಂಡ ಇರುವ ಕಡೆ ಕಾಲಿಡುವುದಿಲ್ಲ. ನಮ್ಮ ಭಾಷೆಯಲ್ಲಿ ನಗಾರಿ ಜೀವವಿದ್ದವರ ಸಾಲಿಗೆ ಸೇರಿದವರು. ‘ಅವರು ಬಂದರು, ಅವರು ಉಂಡರು’ ಎನ್ನಬೇಕೇ ಹೊರತು ‘ಅದು’ ಎಂದರೆ ಎದುರಿಗಿದ್ದವರು ಮುಖ ತಿರುಗಿಸಿಕೊಳ್ಳುತ್ತಾರೆ. ಅವರನ್ನು ನೋಡಿಕೊಳ್ಳುವವನು ಆಂಬ್ರೋಸ್. ಊರಿನಲ್ಲಿ ಅವನಿಗೆ ಬೇರೆ ಯಾವ ದೊಡ್ಡಸ್ತಿಕೆಯೂ ಇರಲಿಲ್ಲ, ಇದೊಂದನ್ನೇ ಹೊತ್ತು ನಾಲ್ಕು ಜನರಷ್ಟು ಬೀಗುತ್ತಿದ್ದ.

ಆ ದಿನ ಅವನು ಅಂಗಳದಲ್ಲಿ ಕಬ್ಬಿಣದ ದೊಡ್ಡ ಬಾಣಲೆಯಿಟ್ಟು, ಸರೋವರದಲ್ಲಿ ತಾನಾಗಿ ಬೆಳೆದ ತೆನೆಗಳನ್ನು ದೋಣಿಯೊಳಗೆ ಬಡಿದು ತಂದ ಹೊಸ ಅಕ್ಕಿಯನ್ನು ಹುರಿಯುತ್ತಿದ್ದ. ಪಕ್ಕದಲ್ಲಿ ಬಕೆಟ್ಟು ಬೋರಲು ಹಾಕಿ ಕೂತು, ಮರದ ತೊಗಟೆಯ ಮೊರದಲ್ಲಿ ಹೊಟ್ಟು ಕೇರುತ್ತಿದ್ದವಳು ಲೊರೆಟ್ಟಾ, ಅವನ ಸೋದರತ್ತೆಯ ಮಗಳು. ನಮ್ಮಲ್ಲಿ ಸೋದರತ್ತೆಯ ಮಕ್ಕಳೂ ಸೋದರಮಾವನ ಮಕ್ಕಳೂ ಒಬ್ಬರನ್ನೊಬ್ಬರು ಕಿಚಾಯಿಸಬೇಕು. ಕಿಚಾಯಿಸಿಕೊಂಡವರು ಸಿಟ್ಟಾಗುವಂತಿಲ್ಲ. ಲೊರೆಟ್ಟಾ ಈ ಕೆಲಸವನ್ನು ಅರವತ್ತು ವರ್ಷದಿಂದ ಒಂದು ದಿನವೂ ರಜೆ ಹಾಕದೆ ಮಾಡಿಕೊಂಡು ಬಂದಿದ್ದಳು.

“ಏನಯ್ಯಾ, ನನ್ನ ಗಂಡ ಆಗ್ಬೇಕಾಗಿದ್ದೋನೆ, ಅಕ್ಕಿ ಹುರೀತಿದೀಯೋ ಸುಡ್ತಿದೀಯೋ? ಪುಣ್ಯಕ್ಕೆ ನಮ್ಮಮ್ಮ ನನ್ನ ನಿಂಗೆ ಕೊಡ್ಲಿಲ್ಲ. ಕೊಟ್ಟಿದ್ರೆ ಜೀವನ ಪೂರ್ತಿ ಇದ್ದಿಲು ತಿನ್ಬೇಕಿತ್ತು.”

“ನಿಮ್ಮಮ್ಮ ಬಂದು ಕಾಲಿಗೆ ಬಿದ್ಲು ಕಣೇ. ನಾನೇ ಬೇಡ ಅಂದೆ.”

ಇಷ್ಟರಲ್ಲಿ ಹೊಳೆಯುವ ಕರಿ ಕಾರೊಂದು ಬಂದು ನಿಂತಿತು. ಇಳಿದವನು ಕರ್ಟಿಸ್ ಬೆಲಾಂಜರ್, ನಮ್ಮ ಕೌನ್ಸಿಲಿನ ಅಧ್ಯಕ್ಷ. ಇನ್ನು ಮೂರು ವಾರಕ್ಕೆ ಚುನಾವಣೆ ಇದ್ದುದರಿಂದ ಅವನಿಗೆ ಆಗಷ್ಟೇ ಮುದುಕರ ಮೇಲೆ ಪ್ರೀತಿ ಉಕ್ಕಿತ್ತು. ನಮ್ಮ ಭಾಷೆಯ ಎರಡು ಮಾತು ಅವನಿಗೆ ಬರುತ್ತಿತ್ತು. ನಮಸ್ಕಾರಕ್ಕೆ ‘ಬೂಜೂ’, ಉಪಕಾರವಾಯಿತು ಎನ್ನುವುದಕ್ಕೆ ‘ಮೀಗ್ವೆಚ್’. ಭಾಷಣವನ್ನು ಒಂದರಿಂದ ಶುರು ಮಾಡಿ ಇನ್ನೊಂದರಿಂದ ಮುಗಿಸುತ್ತಿದ್ದ, ನಡುವಿನ ಇಂಗ್ಲಿಷನ್ನು ಸಂಸ್ಕೃತಿ ಎಂದು ಕರೆಯುತ್ತಿದ್ದ.

“ಬೂಜೂ ದೊಡ್ಡಪ್ಪ!” ಎಂದು ಕರ್ಟಿಸ್ ಕೆಂಪು ಬಟ್ಟೆಯಲ್ಲಿ ಸುತ್ತಿದ ಹೊಗೆಸೊಪ್ಪಿನ ಚೀಲವನ್ನು ಮುಂದೆ ಚಾಚಿದ.

ಆಂಬ್ರೋಸನ ಕೈ ತಾನಾಗಿಯೇ ಹೋಯಿತು. ಚೀಲ ಬಿಚ್ಚಿದ, ಜೇಬಿನಲ್ಲಿ ಸುಮ್ಮನೆ ಕೂತಿದ್ದ ಸಿಗರೇಟಿನ ಹಾಳೆ ತೆಗೆದ, ಸುತ್ತಿದ, ಬಾಣಲೆಯ ಕೆಳಗಿನ ಕೊಳ್ಳಿಯಿಂದ ಹೊತ್ತಿಸಿದ. ಹನ್ನೊಂದು ದಿನದ ಮೇಲೆ ಮೊದಲ ಹೊಗೆ ಒಳಕ್ಕೆ ಹೋದಾಗ ಅವನಿಗೆ ಕರ್ಟಿಸ್ ಕೂಡ ಒಳ್ಳೆಯ ಹುಡುಗನಂತೆ ಕಂಡ.

“ಬರೋ ಶನಿವಾರ ಹನ್ನೊಂದು ಗಂಟೆಗೆ ಕ್ಯಾಸಿನೊ ಹೊಸ ಹಾಲ್ ಓಪನಿಂಗು, ದೊಡ್ಡಪ್ಪ. ಟಿವಿಯವರು ಬರ್ತಾರೆ. ನಮ್ಮ ದೊಡ್ಡ ನಗಾರಿ ಇದೆಯಲ್ಲ, ಅದನ್ನ ತಗೊಂಡು ಬಂದು ಬಾಗಿಲ ಹತ್ರ ಇಟ್ಟು ನಾಲ್ಕು ಹಾಡು ಹೇಳಿಬಿಡಿ. ಅದು ಇದ್ರೆ ಒಂದು ಕಳೆ ಬರುತ್ತೆ ನೋಡಿ.”

ಆಂಬ್ರೋಸನಿಗೆ ಕೆಮ್ಮು ಬಂತು. ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿ ಮೇಲೆ ನೋಡುವ ಹೊತ್ತಿಗೆ ಕರ್ಟಿಸ್ ‘ಮೀಗ್ವೆಚ್’ ಎಂದು ಕಾರು ಹತ್ತಿಯಾಗಿತ್ತು. ಬಾಣಲೆಯಿಂದ ಅಕ್ಕಿ ಸುಡುವ ವಾಸನೆ ಎದ್ದಿತ್ತು.

“ಮೊದ್ಲು ಯಾತಕ್ಕೆ ಅಂತ ಕೇಳ್ಬೇಕು ಮಕ್ಕಳಾ, ಆಮೇಲೆ ಕೈ ಚಾಚ್ಬೇಕು,” ಎಂದಳು ಲೊರೆಟ್ಟಾ, ಥೇಟು ಅವನದೇ ದನಿಯಲ್ಲಿ. “ವಾಪಸ್ ಕೊಟ್ಬಿಡು ಹೋಗು.”

“ಹೇಗೆ ಕೊಡ್ಲಿ? ಸೇದಿಬಿಟ್ಟೆ.”

“ಉಗುಳು.”

ಶನಿವಾರಕ್ಕೆ ಐದು ದಿನವಿತ್ತು. ಆಂಬ್ರೋಸ್ ಅನ್ನ ಬಿಟ್ಟ, ಆದರೆ ಸಿಗರೇಟು ಬಿಡಲಿಲ್ಲ. ಮಾತು ತಪ್ಪಿದರೆ ಊರಿನಲ್ಲಿ ತಲೆಯೆತ್ತಿ ತಿರುಗುವ ಹಾಗಿಲ್ಲ. ಮಾತು ಉಳಿಸಿಕೊಂಡರೆ ಅಜ್ಜನನ್ನು ಬಾರಿನ ಪಕ್ಕ, ಗಂಟೆ ಬಾರಿಸುವ ಜೂಜಿನ ಯಂತ್ರಗಳ ನಡುವೆ ಕೂರಿಸಬೇಕು. ಅವರ ಮುಖ ನೋಡುವುದಕ್ಕೂ ಹೆದರಿ ಎರಡು ದಿನ ಅಡುಗೆ ಕೋಣೆಯಲ್ಲೇ ಮಲಗಿದ.

ಮೂರನೆಯ ದಿನ ಮಧ್ಯಾಹ್ನ ಎಂದಿನಂತೆ ಶೆಡ್ಡಿನಲ್ಲಿ ಇಸ್ಪೀಟಿಗೆ ಕೂತಾಗ ಅವನಿಗೆ ದಾರಿ ಹೊಳೆಯಿತು. ಎಲೆ ಹಾಕುತ್ತಿದ್ದ ಮೇಜನ್ನೇ ದುರುಗುಟ್ಟಿ ನೋಡಿದ. ಅದು ಮೇಜಲ್ಲ, ನಗಾರಿ. ಸರೋವರದ ಆಚೆ ದಡದಲ್ಲಿ ಪಟ್ಟಣದ ಬಿಳಿಯರ ಮಕ್ಕಳಿಗೆಂದು ಬೇಸಿಗೆ ಶಿಬಿರವೊಂದಿತ್ತು. ಆ ಮಕ್ಕಳು ಮುಖಕ್ಕೆ ಬಣ್ಣ ಬಳಿದುಕೊಂಡು, ತಲೆಗೆ ಟರ್ಕಿ ಕೋಳಿಯ ಗರಿ ಸಿಕ್ಕಿಸಿ, ನಾವು ಯಾವತ್ತೂ ಕೂಗದ ಕೂಗು ಹಾಕುತ್ತಾ ಬಡಿಯುತ್ತಿದ್ದ ನಗಾರಿ ಅದು. ಶಿಬಿರ ಮುಚ್ಚಿ ಸಾಮಾನು ಹರಾಜಾದಾಗ ಆಂಬ್ರೋಸನ ತಂಗಿಯ ಮಗ ವರ್ಲಿನ್ ಒಂದು ತೂತು ದೋಣಿಯನ್ನು ಕೊಂಡಿದ್ದ, ಅದರ ಜೊತೆ ಇದನ್ನು ಬಿಟ್ಟಿ ಕೊಟ್ಟಿದ್ದರು. ಮೇಲೆ ಬಿಡಿಸಿದ್ದ, ನಮ್ಮ ಪುರಾಣದ ಸಿಡಿಲಹಕ್ಕಿ ಮೊಟ್ಟೆಗೆ ಕೂತ ಹೇಂಟೆಯಂತಿತ್ತು. ಆಟವಿಲ್ಲದ ದಿನಗಳಲ್ಲಿ ಅದರ ಮೇಲೆ ಈರುಳ್ಳಿ ಮೂಟೆ ಇಡುತ್ತಿದ್ದರು.

“ಕರ್ಟಿಸ್ ಏನಂದ?” ಆಂಬ್ರೋಸ್ ಎಲೆ ಕೆಳಗಿಟ್ಟ. “ನೀನೂ ಅಲ್ಲೇ ಇದ್ಯಲ್ಲ ಲೊರೆಟ್ಟಾ. ‘ಅದನ್ನ ತಗೊಂಡು ಬನ್ನಿ’ ಅಂದ. ‘ಅದು ಇದ್ರೆ ಕಳೆ’ ಅಂದ. ‘ಅವರನ್ನ ಕರ್ಕೊಂಡು ಬನ್ನಿ’ ಅಂದ್ನಾ?”

“ಇಲ್ಲ.”

“ಅಜ್ಜನ್ನ ಯಾರಾದ್ರೂ ಅದು ಅಂತಾರಾ?”

“ಇಲ್ಲ.”

“ಹಾಗಾದ್ರೆ ಅವನು ಅಜ್ಜನ್ನ ಕೇಳೇ ಇಲ್ಲ. ‘ಅದು’ ಅನ್ನೋಂಥ ನಗಾರಿ ಈ ಊರಲ್ಲಿ ಒಂದೇ ಒಂದು ಇರೋದು.” ಹೇಂಟೆಯ ಚಿತ್ರದ ಮೇಲೆ ಬೆರಳಿನಿಂದ ಕುಟ್ಟಿದ.

ವರ್ಲಿನ್ ನಕ್ಕು ನಕ್ಕು ಕುರ್ಚಿಯಿಂದ ಬೀಳುವುದೊಂದು ಬಾಕಿ. ಅಜ್ಜನ ಮುಂದೆ ಹಾಡುವ ನಾಲ್ವರಲ್ಲಿ ಅವನೇ ಹಿರಿಯ. ಉಳಿದ ಮೂವರನ್ನು ಒಪ್ಪಿಸುವುದು ತನಗೆ ಬಿಡಿ ಎಂದ.

“ಸೊಪ್ಪು ಸೇದೋವಾಗ ಇಲ್ಲದ ವ್ಯಾಕರಣ ಈಗ ಬಂತಾ?” ಎಂದಳು ಲೊರೆಟ್ಟಾ. “ನೀನು ಲಾಯರ್ ಆಗ್ಬೇಕಿತ್ತು ಕಣೋ. ನಮ್ಮ ಜನ ಕಳ್ಕೊಂಡಿದ್ದ ಕಾಡೆಲ್ಲ ವಾಪಸ್ ಬರ್ತಿತ್ತು, ಆಮೇಲೆ ಅದನ್ನ ನೀನು ಸೇದಿಬಿಡ್ತಿದ್ದೆ.”

ಆಂಬ್ರೋಸನಿಗೆ ತನ್ನ ಬುದ್ಧಿಯ ಮೇಲೆ ಎಷ್ಟು ಖುಷಿಯಾಯಿತೆಂದರೆ ಆ ರಾತ್ರಿ ಎರಡು ಸಲ ಬಡಿಸಿಕೊಂಡು ಉಂಡ. ಮಾರನೆಯ ಬೆಳಿಗ್ಗೆ ನಗಾರಿಯ ಮುಖವನ್ನು ಉಜ್ಜಿ ಹೇಂಟೆಯನ್ನು ಅಳಿಸಿದ, ಅರ್ಧಕ್ಕೆ ಕೆಂಪು, ಅರ್ಧಕ್ಕೆ ನೀಲಿ ಬಳಿದ. ಆಮೇಲೆ ಪೆಟ್ಟಿಗೆ ತೆರೆದು ಅಜ್ಜನ ಮೈಸುತ್ತ ಉಡಿಸುತ್ತಿದ್ದ ಹಳೆಯ ಲಂಗ ತೆಗೆದ. ಮಖಮಲ್ಲಿನ ಬಟ್ಟೆಗೆ ಸುತ್ತಲೂ ಮಣಿಯ ಹೂಬಳ್ಳಿ. ಅವನ ಹೆಂಡತಿ ಜೆನೆವಿವ್ ಬದುಕಿದ್ದಾಗ ಎರಡು ಚಳಿಗಾಲ ಕೂತು ಪೋಣಿಸಿದ್ದು. ಹೊಸ ಲಂಗ ಬಂದ ಮೇಲೆ ಇದನ್ನು ಮಡಚಿಟ್ಟಿದ್ದರು.

ಅದನ್ನು ಈರುಳ್ಳಿ ನಗಾರಿಗೆ ಸುತ್ತುವಾಗ ಲೊರೆಟ್ಟಾ ಬಾಗಿಲಲ್ಲಿ ನಿಂತಿದ್ದಳು. “ಅದು ಬೇಡ ಆಂಬ್ರೋಸ್,” ಎಂದಳು. ಆ ಮಾತಿನಲ್ಲಿ ತಮಾಷೆ ಇರಲಿಲ್ಲ.

“ಬಟ್ಟೆ ಇಲ್ಲದಿದ್ರೆ ಗುರುತು ಸಿಕ್ಕಿಬಿಡುತ್ತೆ.”

“ಸಿಗ್ಲಿ.”

ಅವನು ಕೇಳಲಿಲ್ಲ. ದಾರ ಬಿಗಿದು ಗಂಟು ಹಾಕಿದ.

ಶನಿವಾರ ಕ್ಯಾಸಿನೊದ ಹೊಸ ಹಾಲು ಜಗಮಗಿಸುತ್ತಿತ್ತು. ನೆಲದ ಕಾರ್ಪೆಟ್ಟಿನ ತುಂಬ ಹದ್ದಿನ ಗರಿಯ ಚಿತ್ರ. ನಮ್ಮ ಕುಣಿತದಲ್ಲಿ ಒಂದು ಗರಿ ಕೆಳಗೆ ಬಿದ್ದರೆ ಹಾಡು ನಿಲ್ಲುತ್ತದೆ, ಹಿರಿಯನೊಬ್ಬ ಬಂದು ಅದನ್ನು ಎತ್ತಿಕೊಳ್ಳುವ ತನಕ ಯಾರೂ ಅಲುಗಾಡುವುದಿಲ್ಲ. ಇಲ್ಲಿ ಸಾವಿರಾರು ಗರಿಗಳ ಮೇಲೆ ಜನ ಕೋಕ್ ಚೆಲ್ಲಿಕೊಂಡು ಓಡಾಡುತ್ತಿದ್ದರು. ತೋಳದ ಚಿತ್ರದ ಯಂತ್ರಗಳು ಸಾಲಾಗಿ ನಿಂತು ಊಳಿಡುತ್ತಿದ್ದವು. ಬಾರಿನವನು ಗ್ಲಾಸು ಒರೆಸುತ್ತಿದ್ದ.

ಆಂಬ್ರೋಸ್ ಮತ್ತು ನಾಲ್ವರು ಹಾಡುಗಾರರು ನಗಾರಿಯನ್ನು ಹೊತ್ತು ತಂದು ಇಳಿಸಿದರು. ಅವರಂದುಕೊಂಡಿದ್ದಕ್ಕಿಂತ ಸುಲಭವಾಗಿ ಎಲ್ಲ ನಡೆಯಿತು. ಮಣಿಯ ಲಂಗ ಕಂಡದ್ದೇ ತಡ, ನಮ್ಮ ಜನ ಯಂತ್ರ ಬಿಟ್ಟು ಎದ್ದು ನಿಂತರು, ಟೋಪಿ ತೆಗೆದರು. ಅಡುಗೆಯವಳೊಬ್ಬಳು ತಟ್ಟೆಯಲ್ಲಿ ಹೊಸ ಅಕ್ಕಿಯ ಅನ್ನ, ಜಿಂಕೆ ಮಾಂಸ, ಮೇಪಲ್ ಸಕ್ಕರೆ ತಂದಿಟ್ಟು ಅಜ್ಜನಿಗೆ ಎಂದಳು. ಮೊನ್ನೆಯಷ್ಟೇ ಈರುಳ್ಳಿ ಸಿಪ್ಪೆ ಕೊಡವಿಸಿಕೊಂಡಿದ್ದ ನಗಾರಿಗೆ ಸಿಕ್ಕ ಮರ್ಯಾದೆ ನೋಡಿ ವರ್ಲಿನ್ ಕೆನ್ನೆ ಕಚ್ಚಿಕೊಂಡ. ಆಂಬ್ರೋಸ್ ಗಂಭೀರವಾಗಿ ತಲೆ ತಗ್ಗಿಸಿ ನಿಂತಿದ್ದ, ಒಳಗೊಳಗೇ ಹೊಟ್ಟೆ ಕುಲುಕುತ್ತಿತ್ತು.

ಕರ್ಟಿಸ್ ‘ಬೂಜೂ’ ಎಂದು ಶುರು ಮಾಡಿದ. ಟಿವಿಯವರ ಕಡೆ ತಿರುಗಿ, ಈ ನಗಾರಿ ನಮ್ಮ ಸಂಸ್ಕೃತಿಯ ಗುಂಡಿಗೆ, ಇದರ ಸದ್ದು ಕೇಳಿದಾಗೆಲ್ಲ ತನ್ನ ಮೈ ಜುಮ್ಮೆನ್ನುತ್ತದೆ, ಚಿಕ್ಕಂದಿನಿಂದ ಇದನ್ನು ಕೇಳುತ್ತಾ ಬೆಳೆದವನು ತಾನು ಎಂದ. ಅವನು ಚಿಕ್ಕಂದಿನಲ್ಲಿ ಬೆಳೆದದ್ದು ಚಿಕಾಗೋದಲ್ಲಿ. ಮೊದಲ ಹಾಡಿನ ನಡುವೆ ತೋಳದ ಯಂತ್ರವೊಂದು ಗಣಗಣ ಬಾರಿಸಿತು, ಗೆದ್ದ ಹೆಂಗಸು ಕಿರುಚಿದಳು, ಕರ್ಟಿಸ್ ಅವಳಿಗೂ ಚಪ್ಪಾಳೆ ತಟ್ಟಿದ. ಇಂಥವರಿಗೆ ಇಂಥದ್ದೇ ನಗಾರಿ ಸರಿ ಎಂದುಕೊಂಡ ಆಂಬ್ರೋಸ್. ಇಡೀ ಹಾಲಿನಲ್ಲಿ ತನ್ನೊಬ್ಬನಿಗೇ ತಲೆಯಿದೆ ಎಂಬ ಸುಖದಲ್ಲಿ ಎರಡನೆಯ ಹಾಡಿಗೆ ಸನ್ನೆ ಮಾಡಬೇಕೆನ್ನುವಷ್ಟರಲ್ಲಿ ಜನ ಎರಡು ಕಡೆಗೂ ಸರಿದು ದಾರಿ ಬಿಟ್ಟರು.

ಗಾಲಿಕುರ್ಚಿಯಲ್ಲಿ ಫಿಲೊಮೀನ್ ಕದೋಟ್ ಬರುತ್ತಿದ್ದಳು. ಸರೋವರದ ಬಡಗಣ ದಡದವಳು, ತೊಂಬತ್ತೊಂದು ವರ್ಷ, ಕಣ್ಣು ಮುಕ್ಕಾಲು ಹೋಗಿತ್ತು. ಸಾಕಿ ಬೆಳೆಸಿದ ಮೊಮ್ಮಗ ಟೋಬಿ ಮಾರ್ಚಿನಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ ಮೀನು ಹಿಡಿಯಲು ಹೋದಾಗ ಕಾಲಡಿಯ ಮಂಜುಗಡ್ಡೆ ಒಡೆದು ನೀರಿನ ಪಾಲಾಗಿದ್ದ. ಅಂದಿನಿಂದ ಅವಳು ಮನೆಯಿಂದ ಹೊರಗೆ ಬಂದಿರಲಿಲ್ಲ. ಕುರ್ಚಿ ತಳ್ಳುತ್ತಿದ್ದ ಪಕ್ಕದ ಮನೆಯ ಹೆಂಗಸು ಆಂಬ್ರೋಸನಿಗೆ ಮೆಲ್ಲಗೆ ಹೇಳಿದಳು:

“ಕುಣಿತದ ಮನೆ ಮೆಟ್ಲು ಹತ್ತೋಕಾಗಲ್ಲ ಇವರಿಗೆ. ಅಜ್ಜ ಇಲ್ಲಿಗೆ ಬರ್ತಾರಂತೆ, ಇಲ್ಲಿ ಮೆಟ್ಟಿಲಿಲ್ಲ ಅಂತ ಕೇಳಿ ಬೆಳಿಗ್ಗೆ ಐದಕ್ಕೇ ಎದ್ದು ಕೂತಿದಾರೆ.”

ಫಿಲೊಮೀನ್ ಕೈ ಮುಂದೆ ಚಾಚಿ ತಡಕಾಡಿದಳು. ಮೊದಲು ಮಣಿಗಳು ಸಿಕ್ಕವು. ಒಂದೊಂದೇ ಹೂವನ್ನು ಬೆರಳಿನಿಂದ ಸವರಿ, “ಜೆನೆವಿವ್ ಕೈಕೆಲಸ,” ಎಂದಳು. ಆಮೇಲೆ ಅಂಗೈಯನ್ನು ನಗಾರಿಯ ಮುಖದ ಮೇಲಿಟ್ಟಳು. ಇನ್ನೊಂದು ಕೈಯಲ್ಲಿದ್ದ ಹೊಗೆಸೊಪ್ಪನ್ನು ಅಲ್ಲೇ ಸುರಿದಳು.

“ಅಜ್ಜಾ, ನಾನು ಬಂದೆ. ಟೋಬಿ ಹೋದ ಅಂತ ನಿಮಗೆ ಯಾರಾದ್ರೂ ಹೇಳಿದ್ರಾ?”

ಆಮೇಲೆ ಬಗ್ಗಿ, ಬಾಯಿಯನ್ನು ತೊಗಲಿಗೆ ಹತ್ತಿರ ತಂದು ಏನೇನೋ ಹೇಳಿದಳು. ತುಂಬ ಹೊತ್ತು ಹೇಳಿದಳು. ಸುತ್ತಲಿನವರಿಗೆ ಕೇಳಿಸಲಿಲ್ಲ, ಯಾರೂ ಕೇಳಿಸಿಕೊಳ್ಳಲು ಹೋಗಲೂ ಇಲ್ಲ. ಅವಳ ಭುಜ ಅಲುಗುತ್ತಿತ್ತು. ಕಣ್ಣೀರು ಬಿದ್ದ ಕಡೆ ಮೊನ್ನೆ ಬಳಿದ ಕೆಂಪು ಬಣ್ಣ ಕರಗಿ ಅವಳ ಕೆನ್ನೆಗೆ ಅಂಟಿಕೊಂಡಿತು.

ಆಂಬ್ರೋಸನಿಗೆ ನಾಚಿಕೆಯಾಯಿತು. ‘ದೊಡ್ಡಮ್ಮ, ಇದು ಅಜ್ಜ ಅಲ್ಲ’ ಎಂದುಬಿಡಬೇಕು ಎನಿಸಿತು. ಟಿವಿ, ಕರ್ಟಿಸ್, ಇಡೀ ಊರು ನೋಡುತ್ತಿತ್ತು. ಅವನು ಹೆದರಿದ್ದು ಅದಕ್ಕಲ್ಲ ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡ. ಅವನು ಹೆದರಿದ್ದು ಅದಕ್ಕೇ.

ಫಿಲೊಮೀನ್ ತಲೆಯೆತ್ತಿ, “ಕಣ್ಣೀರು ಒರೆಸೋ ಹಾಡು ಹೇಳು ಮಗಾ,” ಎಂದಳು.

ವರ್ಲಿನ್ ಕೋಲು ಹಿಡಿದುಕೊಂಡು ಮಾವನ ಮುಖ ನೋಡಿದ. ಆಂಬ್ರೋಸ್ ತಲೆಯಾಡಿಸಿದ. ಐದೂ ಜನ ಹಾಡಿದರು. ಆ ಹಾಡನ್ನು ಅವರು ಅಷ್ಟು ಚೆನ್ನಾಗಿ ಹಿಂದೆಂದೂ ಹೇಳಿರಲಿಲ್ಲ. ಫಿಲೊಮೀನ್ ಕೊನೆಯವರೆಗೂ ಕೈ ತೆಗೆಯಲಿಲ್ಲ. ಮುಗಿದ ಮೇಲೆ ನಗಾರಿಯನ್ನು ಮಗುವಿನ ಬೆನ್ನು ತಟ್ಟಿದ ಹಾಗೆ ಎರಡು ಸಲ ತಟ್ಟಿ, ಮನೆಗೆ ಹೋಗೋಣ ಎಂದಳು. ಟಿವಿಯವರೂ ಅತ್ತರು. ಕರ್ಟಿಸ್ ಚೆನ್ನಾಗಿ ಅತ್ತ, ಅದೇ ಸಂಜೆ ಅದನ್ನು ಚುನಾವಣೆಯ ಜಾಹೀರಾತಿಗೆ ಹಾಕಿಕೊಂಡ.

ಮನೆಗೆ ವಾಪಸು ಬಂದರು. ಆಂಬ್ರೋಸ್ ಲಂಗ ಬಿಚ್ಚಿ ಪೆಟ್ಟಿಗೆಗೆ ಹಾಕಿದ, ನಗಾರಿಯನ್ನು ಶೆಡ್ಡಿನಲ್ಲಿಟ್ಟು ಬಾಗಿಲು ಎಳೆದುಕೊಂಡ. ಭಾನುವಾರ ಮಧ್ಯಾಹ್ನ ಇಸ್ಪೀಟಿಗೆ ಬಂದವರು ಶೆಡ್ಡಿನ ಹೊರಗೆ ಸ್ವಲ್ಪ ಹೊತ್ತು ನಿಂತು, ಹವೆಯ ಬಗ್ಗೆ ಎರಡು ಮಾತಾಡಿ ಹೊರಟುಹೋದರು.

ಅಜ್ಜನಿಗೆ ಊಟ ಬಡಿಸಲು ಕೂತಾಗ ಆಂಬ್ರೋಸನ ಕೈ ತಟ್ಟೆಯ ಮೇಲೇ ನಿಂತಿತು. ನೀವು ಬರಬಾರದ ಕಡೆ ನಿಮ್ಮನ್ನು ಕರೆದುಕೊಂಡು ಹೋಗಲಿಲ್ಲ ಎಂದು ಹೇಳಬೇಕೆಂದಿದ್ದ. ಬದಲಿಗೆ ನಡೆದದ್ದನ್ನೆಲ್ಲ ಒಂದೂ ಬಿಡದೆ ಒದರಿಬಿಟ್ಟ. ಅಜ್ಜ ಏನೂ ಅನ್ನಲಿಲ್ಲ. ಇವರೇನಾದರೂ ಅಂದಿದ್ದರೆ ಒಳ್ಳೆಯದಿತ್ತು ಎಂದುಕೊಂಡು ಎದ್ದು, ಲೊರೆಟ್ಟಾಳ ಮನೆಗೆ ಹೋಗಿ, ಬಡಗಣ ದಡದ ತನಕ ಬಿಡ್ತೀಯಾ ಎಂದು ಕೇಳಿದ. ಎರಡು ವರ್ಷದಿಂದ ಕಣ್ಣಿನಲ್ಲಿ ಪೊರೆ, ಅವನು ಟ್ರಕ್ಕು ಓಡಿಸುತ್ತಿರಲಿಲ್ಲ.

“ಎಷ್ಟು ಹೊತ್ತಿಗೆ ಕೇಳ್ತೀಯ ಅಂತ ಕಾಯ್ತಿದ್ದೆ,” ಎಂದು ಅವಳು ಕೀಲಿಕೈ ತೆಗೆದುಕೊಂಡಳು. ದಾರಿಯಲ್ಲಿ ಅವನನ್ನು ಕಿಚಾಯಿಸಲಿಲ್ಲ. ಅರವತ್ತು ವರ್ಷದಲ್ಲಿ ಅವಳು ಹಾಕಿದ ಮೊದಲ ರಜೆ ಅದು, ಆಂಬ್ರೋಸನಿಗೆ ಅದೇ ಎಲ್ಲಕ್ಕಿಂತ ಭಯ ಹುಟ್ಟಿಸಿತು.

ಫಿಲೊಮೀನ್ ಅಡುಗೆ ಕೋಣೆಯ ಕಿಟಕಿಯ ಬಳಿ ಕೂತು, ಅಕ್ಕಿಯಲ್ಲಿದ್ದ ಹೊಟ್ಟನ್ನು ಬೆರಳಿನಲ್ಲೇ ಹುಡುಕಿ ತೆಗೆಯುತ್ತಿದ್ದಳು. ಮುಖ ತೊಳೆದು, ತಲೆ ಬಾಚಿ, ಬೇರೆ ಬಟ್ಟೆ ಹಾಕಿಕೊಂಡಿದ್ದಳು. ಆರು ತಿಂಗಳ ಮೇಲೆ ರಾತ್ರಿ ಪೂರ್ತಿ ನಿದ್ದೆ ಮಾಡಿದೆ ಎಂದು ಅವಳೇ ಹೇಳಿದಳು. ಇದನ್ನು ಕೇಳಿ ಆಂಬ್ರೋಸನಿಗೆ ಬಂದ ದಾರಿಯಲ್ಲೇ ಓಡಿಹೋಗೋಣ ಎನಿಸಿತು. ಲೊರೆಟ್ಟಾ ಬಾಗಿಲಿಗೆ ಅಡ್ಡ ನಿಂತಿದ್ದಳು.

“ದೊಡ್ಡಮ್ಮ,” ಎಂದ, “ನಿನ್ನೆ ನೀವು ಮಾತಾಡಿದ್ದು ಅಜ್ಜನ ಹತ್ರ ಅಲ್ಲ.”

ಎಲ್ಲ ಹೇಳಿದ. ಸಿಗರೇಟು, ‘ಅದು’ ಎಂಬ ಮಾತಿನ ಸಂದು, ಬಿಳಿಯರ ಮಕ್ಕಳ ಶಿಬಿರ, ಈರುಳ್ಳಿ, ಬಣ್ಣ. ಶನಿವಾರದವರೆಗೂ ಅದ್ಭುತವಾಗಿ ಕಂಡಿದ್ದ ತನ್ನ ಬುದ್ಧಿವಂತಿಕೆ ಈಗ ಹೇಳುತ್ತಾ ಹೋದಂತೆ ಅವನಿಗೇ ಅಸಹ್ಯವಾಯಿತು. ಫಿಲೊಮೀನ್ ಹೊಟ್ಟು ಹೆಕ್ಕುವುದನ್ನು ನಿಲ್ಲಿಸಿರಲಿಲ್ಲ.

“ನಾನು ಅಳೋವಾಗ ನಗ್ತಿದ್ಯಾ?” ಎಂದು ಕೇಳಿದಳು.

“ಇಲ್ಲ ದೊಡ್ಡಮ್ಮ. ಅದಕ್ಕೆ ಮೊದ್ಲು ನಗ್ತಿದ್ದೆ.”

“ಹ್ಞೂಂ. ಈಗ ಅವರೆಲ್ಲಿ?”

“ಅಜ್ಜನಾ? ಮನೇಲಿದಾರೆ.”

“ಅಜ್ಜನ್ನ ಯಾರು ಕೇಳಿದ್ರು? ನಾನು ಯಾರ ಹತ್ರ ಹೇಳ್ಕೊಂಡ್ನೋ, ಅವರು.”

ಆಂಬ್ರೋಸ್ ಲೊರೆಟ್ಟಾಳ ಕಡೆ ನೋಡಿದ. ಅವಳು ನೆಲ ನೋಡುತ್ತಿದ್ದಳು. “ಶೆಡ್ಡಲ್ಲಿದೆ,” ಎಂದ.

“ಏನಂದೆ?”

“ಶೆಡ್ಡಲ್ಲಿ... ಇದಾರೆ.”

“ಜೊತೇಲಿ ಯಾರಿದಾರೆ?”

“ಯಾರೂ ಇಲ್ಲ ದೊಡ್ಡಮ್ಮ. ಅದು ಮಕ್ಕಳು ಆಟಕ್ಕೆ ಬಡೀತಿದ್ದ—”

“ಸುಳ್ಳು ಹೇಳಿದ್ದು ನೀನು. ನಾನು ಹೇಳಿಲ್ಲ.” ಮುದುಕಿ ಮೊರ ಪಕ್ಕಕ್ಕಿಟ್ಟಳು. “ಟೋಬೀನ ನೀರಿಂದ ತೆಗೆಯೋಕೆ ಮೂರು ದಿನ ಹಿಡೀತು. ಮೂರು ದಿನ ಆ ಕತ್ಲಲ್ಲಿ ಒಬ್ಬನೇ ಇದ್ದ ನನ್ನ ಕೂಸು. ಅದನ್ನ ಬಾಯಿಬಿಟ್ಟು ನಾನು ಯಾರಿಗೂ ಅಂದಿರ್ಲಿಲ್ಲ, ಪಾದ್ರಿಗೂ ಅಂದಿರ್ಲಿಲ್ಲ. ಅವರಿಗೆ ಅಂದೆ. ಅವರು ಪೂರ್ತಿ ಕೇಳಿಸ್ಕೊಂಡ್ರು. ಅಂಥೋರನ್ನ ತಗೊಂಡು ಹೋಗಿ ಕತ್ಲಲ್ಲಿ, ಒಬ್ಬರನ್ನೇ, ಬಾಗ್ಲು ಹಾಕಿ ಬಂದಿದೀಯಲ್ಲೋ ಆಂಬ್ರೋಸ್!”

ಆಂಬ್ರೋಸ್ ಟೋಪಿಯನ್ನೂ ಮರೆತು ಅಂಗಳಕ್ಕೆ ಓಡಿದ. ಲೊರೆಟ್ಟಾ ಅವನಿಗಿಂತ ಮೊದಲೇ ಹೊರಗೆ ಹೋಗಿ ಟ್ರಕ್ಕು ಶುರು ಮಾಡಿದ್ದಳು. ಮನೆಗೆ ಏಳು ಮೈಲಿ. ಕೊನೆಯ ತಿರುವಿನ ತನಕವೂ ಅವನು ಇನ್ನೂ ಜೋರಾಗಿ ಓಡಿಸು, ಇನ್ನೂ ಜೋರಾಗಿ ಎನ್ನುತ್ತಲೇ ಇದ್ದ.